ಹಳೆಯ ಲಾರಿಯ ಗುರುತು: ಬಸವಕಲ್ಯಾಣ–ಹುಮನಾಬಾದ್ ಹೆದ್ದಾರಿಯ ಒಂದು ವಿದ್ಯೆ

ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್ ದಾಟಿ ಮಚಲೀಪಟ್ಟಣದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಹಳಬರ ಬಾಯಲ್ಲಿ ಇಂದಿಗೂ ಒಂಬತ್ತನೆಯ ನಂಬರಿನ ರಸ್ತೆ, ಕರ್ನಾಟಕದ ನೆಲದಲ್ಲಿ ಹಾಯುವ ದೂರ ಬಹಳ ಕಡಿಮೆ. ಆದರೆ ಆ ಕಡಿಮೆ ದೂರದಲ್ಲೇ ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಕ್ರಾಸ್ ಮತ್ತು ಹುಮನಾಬಾದ್ ಎರಡೂ ಸಿಗುತ್ತವೆ. ಹುಮನಾಬಾದಿನಲ್ಲಿ ಇದೇ ಹೆದ್ದಾರಿಯನ್ನು ಬೀದರ್, ಕಲಬುರಗಿ, ವಿಜಯಪುರಗಳನ್ನು ಪೋಣಿಸಿಕೊಂಡು ಚಿತ್ರದುರ್ಗದತ್ತ ಹೋಗುವ 50ನೆಯ ಹೆದ್ದಾರಿ ಸಂಧಿಸುತ್ತದೆ. ಸೊಲ್ಲಾಪುರಕ್ಕೂ ಹೈದರಾಬಾದಿಗೂ ಹೆಚ್ಚುಕಡಿಮೆ ನಡುವಿನಲ್ಲಿ, ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡಿರುವ ಈ ಎರಡು ಊರುಗಳಲ್ಲಿ ಲಾರಿ ಕೇವಲ ಹಾದುಹೋಗುವ ವಸ್ತುವಾಗಿ ಉಳಿದಿಲ್ಲ. ಅದನ್ನು ಕೊಳ್ಳುವವರು, ಓಡಿಸುವವರು, ಬಿಚ್ಚಿ ಕಟ್ಟುವವರು, ಬಣ್ಣ ಬಳಿಯುವವರು, ಮಾರಿಸಿ ಕೊಡುವ ದಲಾಲರು ಇಲ್ಲಿ ನೆಲೆಸಿದ್ದಾರೆ. ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣವೆಂದು ನಾಡಿಗೆಲ್ಲ ಪರಿಚಿತವಾದ ಊರು ಹೆದ್ದಾರಿಯ ಮೇಲಿನ ಚಾಲಕರಿಗೆ ಲಾರಿಗಳ ಊರೆಂದೂ ಪರಿಚಿತವಾಗಿದೆ.

ಇಂಥ ಊರಿನಲ್ಲಿ ಹಳೆಯ ಲಾರಿಯೊಂದನ್ನು ಗುರುತಿಸಿ ಕೊಳ್ಳುವುದು ಒಂದು ವಿದ್ಯೆ. ದೇಶದ ಲಾರಿಗಳಲ್ಲಿ ಬಹುಪಾಲು ದೊಡ್ಡ ಕಂಪನಿಗಳ ಕೈಯಲ್ಲಿಲ್ಲ, ಒಂದೆರಡರಿಂದ ಐದಾರು ಗಾಡಿಗಳವರೆಗೆ ಇಟ್ಟುಕೊಂಡ ಸಣ್ಣ ಮಾಲಕರ ಕೈಯಲ್ಲಿವೆ. ಆ ಸಣ್ಣ ಮಾಲಕರಲ್ಲಿ ಅನೇಕರು ಮೊದಲು ಕ್ಲೀನರ್ ಆಗಿ, ಬಳಿಕ ಚಾಲಕರಾಗಿ ದುಡಿದು, ಉಳಿಸಿದ ಹಣಕ್ಕೆ ಸಾಲವನ್ನೂ ಸೇರಿಸಿ ಮೊದಲ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲೇ ಕೊಂಡವರು. ಮೊದಲ ಗಾಡಿ ಸರಿಯಿದ್ದರೆ ಮನೆತನ ಎದ್ದು ನಿಲ್ಲುತ್ತದೆ, ಕೆಟ್ಟದ್ದಾದರೆ ಹೊಲ ಅಡವಿಡುವ ಸ್ಥಿತಿ ಬರುತ್ತದೆ. ಆದಕಾರಣ ಗಾಡಿ ನೋಡುವ ಕಣ್ಣನ್ನು ಮಿಸ್ತ್ರಿಗಳು ಮತ್ತು ಹಳೆಯ ಮಾಲಕರು ಹೇಗೆ ಬೆಳೆಸಿಕೊಂಡಿದ್ದಾರೆ, ಅದಕ್ಕೆ ಕಾನೂನು ಮತ್ತು ಯಂತ್ರಶಾಸ್ತ್ರದ ಆಧಾರವೇನು ಎಂಬುದು ಸಾಮಾನ್ಯ ಓದುಗರೂ ತಿಳಿಯಬೇಕಾದ ವಿಷಯ.

ಈ ವಿದ್ಯೆಯ ಮೂಲಸೂತ್ರ ಚಾಸಿಯಲ್ಲಿದೆ. ಚಾಸಿ ಎಂದರೆ ಲಾರಿಯ ಉದ್ದಕ್ಕೂ ಎರಡು ಕಡೆ ಚಾಚಿಕೊಂಡಿರುವ ಉಕ್ಕಿನ ತೊಲೆಗಳು ಮತ್ತು ಅವುಗಳನ್ನು ಅಡ್ಡಲಾಗಿ ಬೆಸೆಯುವ ತುಂಡು ತೊಲೆಗಳು ಸೇರಿ ಆದ ಏಣಿಯಂಥ ಚೌಕಟ್ಟು. ಎಂಜಿನ್, ಗೇರ್ ಪೆಟ್ಟಿಗೆ, ಗಾಲಿಗಳ ಅಚ್ಚು, ಕ್ಯಾಬಿನ್, ಸರಕು ತುಂಬುವ ಬಾಡಿ ಎಲ್ಲವೂ ಇದಕ್ಕೇ ತಗುಲಿಕೊಂಡಿರುತ್ತವೆ. ಭಾರತದಲ್ಲಿ ಬಹಳ ಕಾಲ ಲಾರಿ ಕಾರ್ಖಾನೆಯಿಂದ ಪೂರ್ಣರೂಪದಲ್ಲಿ ಹೊರಬರುತ್ತಿರಲಿಲ್ಲ. ಕ್ಯಾಬಿನ್ ಇಲ್ಲದ, ಮುಂದಿನ ಮೋರೆ ಮಾತ್ರವಿರುವ ಬೋಳು ಚಾಸಿಯನ್ನು ಚಾಲಕ ಬಿಸಿಲುಗಾಳಿಯಲ್ಲಿ ತೆರೆದೇ ಓಡಿಸಿಕೊಂಡು ಬರುತ್ತಿದ್ದ, ಮಾಲಕ ಅದನ್ನು ತನಗೆ ಬೇಕಾದ ಊರಿನ ಬಾಡಿ ಕಟ್ಟುವವರಿಗೆ ಒಪ್ಪಿಸುತ್ತಿದ್ದ, ಬಡಗಿಗಳು, ವೆಲ್ಡಿಂಗ್‌ನವರು, ಪೇಂಟರುಗಳು ಸೇರಿ ಅದಕ್ಕೆ ಮರ ಮತ್ತು ತಗಡಿನ ಮೈ ಕೊಡುತ್ತಿದ್ದರು. ಕಾರ್ಖಾನೆಯ ಕ್ಯಾಬಿನ್ ಬಂದ ಮೇಲೂ ಹಿಂದಿನ ಬಾಡಿ ಕಟ್ಟುವ ಕೆಲಸ ಗ್ಯಾರೇಜುಗಳಲ್ಲೇ ಉಳಿದಿದೆ. ಹೀಗಾಗಿ ಹತ್ತು ಹದಿನೈದು ವರ್ಷ ಓಡಿದ ಲಾರಿಯಲ್ಲಿ ಬಾಡಿ ಎರಡನೆಯದು, ಎಂಜಿನ್ ಬೋರ್ ಮಾಡಿಸಿದ್ದು, ಗೇರ್ ಪೆಟ್ಟಿಗೆ ಗುಜರಿಯಿಂದ ತಂದದ್ದು, ಬಣ್ಣ ಹೋದ ವಾರದ್ದು ಆಗಿರಬಹುದು. ಮೊದಲ ದಿನದಿಂದ ಕೊನೆಯ ದಿನದವರೆಗೆ ಬದಲಾಗದೆ ಉಳಿಯುವುದು ಚಾಸಿ ಒಂದೇ, ಮತ್ತು ಕಾನೂನು ಕೂಡ ಲಾರಿಯ ಗುರುತನ್ನು ಆ ಚಾಸಿಯ ಮೇಲೆ ಕೊರೆದ ಸಂಖ್ಯೆಯಲ್ಲೇ ಇಟ್ಟಿದೆ. ಹೊಸ ಬಣ್ಣ ಮತ್ತು ಕನ್ನಡಿಯ ಮೇಲಿನ ಜರಿಯ ಗೊಂಡೆಗಳನ್ನು ಮೆಚ್ಚಿ ಬೆಲೆ ಮಾತಾಡುವವನು ಲಾರಿಯನ್ನು ಇನ್ನೂ ನೋಡಿಯೇ ಇಲ್ಲವೆಂದು ಹೇಳಬೇಕಾಗುತ್ತದೆ.

ಈಚಿನ ದಶಕಗಳ ಎಲ್ಲ ಗಾಡಿಗಳ ಚಾಸಿ ಸಂಖ್ಯೆ 17 ಅಕ್ಷರ ಮತ್ತು ಅಂಕಿಗಳಿಂದ ಕೂಡಿರುತ್ತದೆ. ಅದರ ಮೊದಲ ಮೂರು ಅಕ್ಷರಗಳು ತಯಾರಕರನ್ನು ಹೇಳುತ್ತವೆ: ಟಾಟಾ ಗಾಡಿಗೆ ಎಂ-ಎ-ಟಿ, ಅಶೋಕ್ ಲೇಲ್ಯಾಂಡಿಗೆ ಎಂ-ಬಿ-1, ಐಷರ್‌ಗೆ ಎಂ-ಸಿ-2. ಹತ್ತನೆಯ ಅಕ್ಷರ ಸಾಮಾನ್ಯವಾಗಿ ತಯಾರಾದ ವರ್ಷವನ್ನು ಸೂಚಿಸುತ್ತದೆ. 2001ರಿಂದ 2009ರವರೆಗೆ 1ರಿಂದ 9ರ ಅಂಕಿಗಳು, 2010ಕ್ಕೆ ಎ, 2011ಕ್ಕೆ ಬಿ, ಹೀಗೆ ಮುಂದುವರಿದು 2017ಕ್ಕೆ ಎಚ್ ಬರುತ್ತದೆ, ಐ ಅಕ್ಷರ ಒಂದರ ಅಂಕಿಯಂತೆ ಕಾಣುವುದರಿಂದ ಅದನ್ನು ಬಿಟ್ಟು 2018ಕ್ಕೆ ಜೆ ಬಳಕೆಯಾಗಿದೆ. ಟಾಟಾ ಗಾಡಿಗಳಲ್ಲಿ 12ನೆಯ ಅಕ್ಷರ ತಿಂಗಳನ್ನು ಹೇಳುತ್ತದೆ, ಉಳಿದ ಕಂಪನಿಗಳ ಪದ್ಧತಿ ಬೇರೆ ಬೇರೆ. ಇಷ್ಟು ತಿಳಿದಿದ್ದರೆ 2014ರ ಗಾಡಿಯೆಂದು ಹೇಳಿ 2012ರದ್ದನ್ನು ತೋರಿಸುವ ಮಾತು ಚಾಸಿಯ ಮುಂದೆ ನಿಲ್ಲುವುದಿಲ್ಲ. ತಯಾರಾದ ವರ್ಷಕ್ಕೂ ನೋಂದಣಿಯ ವರ್ಷಕ್ಕೂ ಅಂತರವಿರುವುದು ಸ್ವತಃ ದೋಷವಲ್ಲ. ಹೊಗೆಯ ಮಿತಿಯ ಹಳೆಯ ಮಾನದಂಡವಾದ ಬಿಎಸ್–3ರ ವಾಹನಗಳನ್ನು 2017ರ ಏಪ್ರಿಲ್ 1ರಿಂದ ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಮಾರ್ಚ್ 29ರಂದು ಆದೇಶಿಸಿದಾಗ, ಉಳಿದ ದಾಸ್ತಾನು ಕೊನೆಯ ದಿನಗಳಲ್ಲಿ ದೊಡ್ಡ ರಿಯಾಯಿತಿಯಲ್ಲಿ ಖರ್ಚಾಯಿತು. ಅಂಥ ಗಾಡಿಗಳ ಕಾಗದದಲ್ಲಿ 2017ರ ಮಾರ್ಚ್ ಕಾಣಿಸಿದರೂ ಚಾಸಿಯಲ್ಲಿ 2016ರ ಅಕ್ಷರವಿರುವುದು ಸಾಧ್ಯ.

ಸಂಖ್ಯೆಯನ್ನು ಓದುವುದಕ್ಕಿಂತ ಅದನ್ನು ಕೊರೆದ ಲೋಹವನ್ನು ನೋಡುವುದು ಕಷ್ಟದ ಕೆಲಸ. ಹೆಚ್ಚಿನ ಲಾರಿಗಳಲ್ಲಿ ಇದು ಬಲಗಡೆಯ ಉದ್ದ ತೊಲೆಯ ಮೇಲೆ ಮುಂದಿನ ಗಾಲಿಯ ಆಸುಪಾಸಿನಲ್ಲಿರುತ್ತದೆ, ಮಣ್ಣು ಮತ್ತು ಗ್ರೀಸಿನ ಪದರದ ಅಡಿಯಲ್ಲಿ ಅಡಗಿರುತ್ತದೆ. ಬಸವಕಲ್ಯಾಣದ ಸುತ್ತಿನ ಮುರಕಲ್ಲಿನ ಕೆಂಪು ಮಣ್ಣು ಒಮ್ಮೆ ಹಿಡಿದರೆ ಬಿಡುವುದಿಲ್ಲವಾದ್ದರಿಂದ ಡೀಸೆಲ್ ಬಟ್ಟೆಯಿಂದ ಒರೆಸಿ, ತಂತಿಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಬಿಳಿ ಕಾಗದವನ್ನಿಟ್ಟು ಮೇಲೆ ಪೆನ್ಸಿಲ್ ತಿಕ್ಕಿದರೆ ಅಂಕಿಗಳು ಕಾಗದದ ಮೇಲೆ ಮೂಡುತ್ತವೆ. ಆರ್‌ಟಿಓ ಕಚೇರಿಗಳ ಅರ್ಜಿಗಳಿಗೆ ಅಂಟಿಸುವ ಚಾಸಿ ಪ್ರಿಂಟ್ ಎಂದರೆ ಇದೇ. ಅಂಕಿಗಳ ಎತ್ತರ, ಆಳ ಮತ್ತು ಸಾಲು ಒಂದೇ ಸಮನಾಗಿರಬೇಕು, ಸುತ್ತಲಿನ ಲೋಹದಲ್ಲಿ ಗ್ರೈಂಡರ್ ಆಡಿಸಿದ ಹೊಳಪಾಗಲಿ ತೆಳುವಾದ ತಗ್ಗಾಗಲಿ ಇರಬಾರದು, ಆ ಭಾಗದ ಅಕ್ಕಪಕ್ಕದಲ್ಲಿ ವೆಲ್ಡಿಂಗ್ ಗೆರೆ ಓಡಿರಬಾರದು. ಒಂದು ಗಾಡಿಯ ಸಂಖ್ಯೆಯಿರುವ ತುಂಡನ್ನು ಕತ್ತರಿಸಿ ಇನ್ನೊಂದಕ್ಕೆ ಬೆಸೆಯುವ ಅಪರಾಧ ಈ ವ್ಯಾಪಾರದ ಅತ್ಯಂತ ಕರಾಳ ಮುಖವಾಗಿದ್ದು, ಅದಕ್ಕೆ ಬಲಿಯಾದ ಕೊಳ್ಳುಗನ ಕೈಯಿಂದ ಹಣವೂ ಗಾಡಿಯೂ ಒಟ್ಟಿಗೆ ಹೋಗುತ್ತವೆ. ಕಳವಾದ ವಾಹನಗಳ ದಾಖಲೆಯನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಇಟ್ಟಿದ್ದು, ಚಾಸಿ ಮತ್ತು ಎಂಜಿನ್ ಸಂಖ್ಯೆ ಕೊಟ್ಟು ಅಲ್ಲಿ ವಿಚಾರಿಸಲು ಸಾರ್ವಜನಿಕರಿಗೂ ಅವಕಾಶವಿದೆ.

ಎಂಜಿನ್ ಬದಲಾಗಿದೆಯೇ ಎಂಬುದನ್ನು ಪತ್ತೆಹಚ್ಚಲು ನೋಂದಣಿ ಪುಸ್ತಕದ, ಎಂದರೆ ಆರ್‌ಸಿಯ, ಒಂದು ಅಂಕಣ ಬಹಳ ಉಪಕಾರಿ. ಅಲ್ಲಿ ಎಂಜಿನ್‌ನ ಸಿಲಿಂಡರುಗಳ ಒಟ್ಟು ಗಾತ್ರವನ್ನು ಘನ ಸೆಂಟಿಮೀಟರುಗಳಲ್ಲಿ ನಮೂದಿಸಿರುತ್ತಾರೆ. 5,675 ಎಂದಿದ್ದರೆ ಅದು ಟಾಟಾದ ಹಳೆಯ 697 ಎಂಜಿನ್. 5,883 ಎಂದಿದ್ದರೆ ಟಾಟಾ ಗಾಡಿಗಳಿಗೆ ಬಂದ ಕಮಿನ್ಸ್. 5,759 ಎಂದಿದ್ದರೆ ಜಪಾನಿನ ಹಿನೊ ವಿನ್ಯಾಸದಿಂದ ಬೆಳೆದ ಲೇಲ್ಯಾಂಡ್ ಎಂಜಿನ್. ಕಾಗದದಲ್ಲಿ ಒಂದು ಗಾತ್ರ, ಬಾನೆಟ್ಟಿನ ಕೆಳಗೆ ಇನ್ನೊಂದು ಎಂಜಿನ್ ಇದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಬದಲಾವಣೆಯನ್ನು ಆರ್‌ಟಿಓದಲ್ಲಿ ನಮೂದಿಸದ ಹೊರತು ಆ ಗಾಡಿ ದಾಖಲೆಗೆ ಹೊಂದದ ಗಾಡಿಯೇ. ಮಾದರಿಯ ಹೆಸರಿನಲ್ಲೂ ಒಂದು ಲೆಕ್ಕವಿದೆ. ಟಾಟಾದ 1613 ಎಂಬ ಹೆಸರಿನಲ್ಲಿ 16 ಎಂಬುದು ಸರಕೂ ಸೇರಿದ ಒಟ್ಟು ತೂಕದ ಟನ್ನುಗಳು, 13 ಎಂಬುದು ಎಂಜಿನ್‌ನ ಶಕ್ತಿ ಸುಮಾರು 130 ಅಶ್ವಶಕ್ತಿಯೆಂಬ ಸೂಚನೆ. 2518 ಎಂದರೆ 25 ಟನ್, 180 ಅಶ್ವಶಕ್ತಿ. ಮೊದಲನೆಯದು ಆರು ಗಾಲಿಯ ಗಾಡಿ, ಎರಡನೆಯದು ಹತ್ತು ಗಾಲಿಯದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅಚ್ಚಿನ ಮೇಲಿನ ಭಾರದ ಮಿತಿಯನ್ನು ಏರಿಸಿ, ನಾಲ್ಕು ಟಯರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದನ್ನು 11.5ಕ್ಕೆ, ಜೋಡಿ ಅಚ್ಚಿಗೆ 19 ಇದ್ದದ್ದನ್ನು 21ಕ್ಕೆ ತಂದದ್ದರಿಂದ ಈಚಿನ ಮಾದರಿಗಳ ಹೆಸರುಗಳಲ್ಲಿ ಟನ್ನಿನ ಅಂಕಿಗಳೂ ಏರಿವೆ. ಕೊಳ್ಳುವ ಗಾಡಿಗೆ ಅನ್ವಯಿಸುವ ತೂಕ ಯಾವುದೆಂಬುದನ್ನು ಆರ್‌ಸಿ ನೋಡಿಯೇ ತಿಳಿಯಬೇಕು.

ನಂಬರ್ ಪ್ಲೇಟು ಸಹ ಗಾಡಿಯ ಪ್ರವರವನ್ನು ಹೇಳುತ್ತದೆ. ಬೀದರಿನ ಕೆಎ 38, ಭಾಲ್ಕಿಯ ಕೆಎ 39, ಬಸವಕಲ್ಯಾಣದ ಕೆಎ 56 ಗಾಡಿಗಳ ಹಿಂದಿನ ಮಾಲಕರನ್ನು ನಾಲ್ಕು ಕಡೆ ಕೇಳಿದರೆ ಪತ್ತೆ ಮಾಡಬಹುದು. ಸೊಲ್ಲಾಪುರದ ಎಂಎಚ್ 13, ಲಾತೂರಿನ ಎಂಎಚ್ 24, ಧಾರಾಶಿವದ ಎಂಎಚ್ 25 ಗಾಡಿಗಳು ಗಡಿಯಾಚೆಯಿಂದ ಬರುವಂಥವು. ತೆಲಂಗಾಣದ ಕಡೆಯ ಗಾಡಿಯಲ್ಲಿ ಎಪಿ 23 ಎಂದಿದ್ದರೆ ಅದು ರಾಜ್ಯ ಇಬ್ಭಾಗವಾಗುವ ಮೊದಲಿನ ಮೇದಕ್ ಜಿಲ್ಲೆಯದು, ಎಂದರೆ 2014ಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ. ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಓಡಾಟವನ್ನು ನ್ಯಾಯಾಲಯಗಳ ಆದೇಶದಂತೆ ತಡೆದದ್ದರಿಂದ ಅಲ್ಲಿಯ ಗಾಡಿಗಳು ಅಗ್ಗವಾಗಿ ಹೊರರಾಜ್ಯಗಳತ್ತ ಹರಿದವು. ದೂರದ ಗಾಡಿ ಕೆಟ್ಟದ್ದೆಂಬ ನಿಯಮವಿಲ್ಲ, ಆದರೆ ಅದರ ಕಥೆಯನ್ನು ಹೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ.

ಗುರುತು ಖಚಿತವಾದ ಮೇಲೆ ಚಾಸಿಯ ಆರೋಗ್ಯ ನೋಡಬೇಕಾಗುತ್ತದೆ, ಮತ್ತು ಇದಕ್ಕೆ ಗಾಡಿಯ ಕೆಳಗೆ ಮಲಗದೆ ಬೇರೆ ದಾರಿಯಿಲ್ಲ. ತೊಲೆಗಳು ಬಿರುಕು ಬಿಡುವುದು ನಡುಮಧ್ಯದಲ್ಲಿ ಅಪರೂಪ. ಕಮಾನುಪಟ್ಟಿಗಳನ್ನು ಹಿಡಿದಿರುವ ಬ್ರಾಕೆಟ್ಟುಗಳ ಸುತ್ತ, ಕ್ಯಾಬಿನ್ನಿನ ಹಿಂದುಗಡೆ, ಹಿಂದಿನ ಅಚ್ಚಿನ ಮೇಲ್ಭಾಗದಲ್ಲಿ, ಬೋಲ್ಟಿನ ರಂಧ್ರಗಳ ಅಂಚಿನಲ್ಲಿ ಬಿರುಕು ಮೊದಲು ಹುಟ್ಟುತ್ತದೆ, ಏಕೆಂದರೆ ಭಾರ ಬಗ್ಗಿಸುವ ಬಲವೆಲ್ಲ ಅಲ್ಲಿ ಬಂದು ಕೂಡುತ್ತದೆ. ಕೂದಲೆಳೆಯಷ್ಟು ತೆಳುವಾದ ಬಿರುಕು ಬಣ್ಣದ ಅಡಿಯಲ್ಲಿದ್ದರೂ ಅದರೊಳಗೆ ನೀರು ಸೇರಿ ತುಕ್ಕಿನ ಕಂದು ಗೆರೆ ಹೊರಗೆ ಇಳಿಯುತ್ತದೆ. ಕಾರ್ಖಾನೆಯ ತೊಲೆಗಳನ್ನು ರಿವೆಟ್ಟುಗಳಿಂದ, ಎಂದರೆ ತಲೆ ಬಡಿದು ಕೂರಿಸಿದ ಉಕ್ಕಿನ ಮೊಳೆಗಳಿಂದ, ಬಿಗಿದಿರುತ್ತಾರೆ. ಒಂದೆಡೆ ರಿವೆಟ್ಟು ಮಾಯವಾಗಿ ನಟ್ಟು ಬೋಲ್ಟುಗಳು ಬಂದಿದ್ದರೆ ಆ ಜಾಗವನ್ನು ಯಾವಾಗಲೋ ಬಿಚ್ಚಿದ್ದಾರೆಂದೇ ಅರ್ಥ, ಏಕೆ ಬಿಚ್ಚಿದರೆಂದು ಕೇಳಬೇಕು. ತೊಲೆಯ ಒಳಮೈಗೆ ಇನ್ನೊಂದು ಉಕ್ಕಿನ ಪಟ್ಟಿಯನ್ನು ಸೇರಿಸಿ ಬಲಪಡಿಸಿರುವುದು ಈ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿ. ಮಾರುವವರು ಅದನ್ನು ಗಟ್ಟಿತನದ ಗುಣವೆಂದು ಹೇಳುತ್ತಾರೆ. ವಾಸ್ತವದಲ್ಲಿ ಅದು ಗಾಡಿ ತನ್ನ ಮಿತಿಗಿಂತ ಹೆಚ್ಚು ಹೊತ್ತದ್ದರ ಅಥವಾ ಹೊರಲಿದ್ದುದರ ಸಾಕ್ಷಿ. ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆಯಂಥವಕ್ಕೆ ಕಬ್ಬು ಎಳೆದ ಗಾಡಿಗಳಲ್ಲಿ ಹೊಲದ ಏರುತಗ್ಗಿನ ದಾರಿಯ ತಿರುಚಾಟವೂ ಅತಿಭಾರದ ಜೊತೆ ಸೇರಿಕೊಳ್ಳುವುದರಿಂದ ಅವುಗಳ ಚಾಸಿಯನ್ನು ಎರಡು ಸಲ ನೋಡುವುದು ಒಳ್ಳೆಯದು.

ಚಾಸಿ ಬಾಗಿದೆಯೇ ಎಂಬುದಕ್ಕೆ ಒಂದು ಹುರಿ ಸಾಕು. ಮುಂದಿನ ಎಡ ಬ್ರಾಕೆಟ್ಟಿನಿಂದ ಹಿಂದಿನ ಬಲ ಬ್ರಾಕೆಟ್ಟಿಗೆ ಹುರಿ ಹಿಡಿದು, ಅದೇ ಹುರಿಯನ್ನು ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಹಿಡಿದಾಗ ಎರಡು ಅಳತೆಗಳು ಒಂದೇ ಬಂದರೆ ಚೌಕಟ್ಟು ನೇರವಾಗಿದೆ. ವ್ಯತ್ಯಾಸ ಬಂದರೆ ಅಪಘಾತದ ಪೆಟ್ಟು ಬಿದ್ದಿದೆ. ನೇರವಾದ ರಸ್ತೆಯಲ್ಲಿ ಗಾಡಿಯನ್ನು ಓಡಿಸಿ ಹಿಂದೆ ನಿಂತು ನೋಡಿದಾಗ ಹಿಂಗಾಲಿಗಳು ಮುಂಗಾಲಿಗಳ ಜಾಡಿನಲ್ಲೇ ಬರದೆ ಏಡಿಯಂತೆ ಓರೆಯಾಗಿ ಬರುತ್ತಿದ್ದರೆ ಅದೂ ಇದೇ ರೋಗದ ಲಕ್ಷಣ. ಇಂಥ ಗಾಡಿ ಎಷ್ಟು ಅಗ್ಗವಾದರೂ ಬೇಡ. ಟಯರು ಸವೆಯುತ್ತಲೇ ಇರುತ್ತದೆ, ಸ್ಟಿಯರಿಂಗ್ ಒಂದು ಕಡೆ ಎಳೆಯುತ್ತಲೇ ಇರುತ್ತದೆ, ರಾತ್ರಿಯ ಹೆದ್ದಾರಿಯಲ್ಲಿ ಅದನ್ನು ಹಿಡಿದು ಕೂರುವ ಚಾಲಕನ ತೋಳು ಮತ್ತು ಪ್ರಾಣ ಎರಡಕ್ಕೂ ಅದು ಅಪಾಯಕಾರಿ.

ಇನ್ನೊಂದು ಪರೀಕ್ಷೆಯನ್ನು ಮಾಡುವವರು ಕಡಿಮೆ, ಆದರೆ ಅದರಷ್ಟು ನೇರವಾದ ಪರೀಕ್ಷೆ ಬೇರೆ ಇಲ್ಲ. ಖಾಲಿ ಗಾಡಿಯನ್ನು ವೇಬ್ರಿಡ್ಜಿಗೆ, ಜನರು ಕಾಟಾ ಎನ್ನುವ ತೂಕದ ಕಟ್ಟೆಗೆ, ಹತ್ತಿಸಿ ಬಂದ ತೂಕವನ್ನು ಆರ್‌ಸಿಯಲ್ಲಿರುವ ಖಾಲಿ ತೂಕಕ್ಕೆ ಹೋಲಿಸಬೇಕು. ಒಟ್ಟು ತೂಕ 16,200 ಕಿಲೋ, ಖಾಲಿ ತೂಕ 5,800 ಕಿಲೋ ಎಂದು ಕಾಗದದಲ್ಲಿರುವ ಗಾಡಿ 10,400 ಕಿಲೋ ಸರಕು ಒಯ್ಯಬಹುದು. ಕಾಟಾದಲ್ಲಿ ಅದೇ ಗಾಡಿ ಖಾಲಿಯಾಗಿ 6,400 ತೂಗಿದರೆ, ಸೇರಿಸಿದ ಪಟ್ಟಿಗಳು ಮತ್ತು ಎತ್ತರಿಸಿದ ಬಾಡಿ ಪ್ರತಿ ಟ್ರಿಪ್ಪಿನಲ್ಲೂ ಮಾಲಕನ 600 ಕಿಲೋ ಬಾಡಿಗೆಯನ್ನು ನುಂಗುತ್ತಿವೆ. ಜೊತೆಗೆ ಚಾಸಿಯಲ್ಲಿ ಬಚ್ಚಿಟ್ಟ ದುರಸ್ತಿಯ ಸುಳಿವೂ ಆ ಒಂದು ಚೀಟಿಯಲ್ಲಿ ಸಿಕ್ಕಿಬಿಡುತ್ತದೆ.

ಎಂಜಿನ್‌ನ ಪರೀಕ್ಷೆ ಬೆಳಗಿನ ಜಾವದಲ್ಲಾಗಬೇಕು, ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಾಗಿರಬೇಕು. ಕೊಳ್ಳುವವನು ಬರುವ ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಯಾವ ದೋಷವನ್ನೂ ಹೇಳುವುದಿಲ್ಲ. ಚಾಲೂ ಆದ ಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ಉಗಿಬಂಡಿಯಂತೆ ಒತ್ತಿ ಬಂದರೆ ಪಿಸ್ಟನ್ ಉಂಗುರಗಳು ಸವೆದು, ಉರಿಯುವ ಅನಿಲ ಕೆಳಗೆ ಸೋರುತ್ತಿದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಬಿಸಿಯಾದ ಮೇಲೂ ಬಿಳಿ ಹೊಗೆ ಮುಂದುವರಿದು ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಅದರೊಳಗೆ ನೀರು ಸೇರಿದೆ. ಆದರೂ ಎಂಜಿನ್‌ನ ದೋಷವನ್ನು ದುರಸ್ತಿಯ ಖರ್ಚಾಗಿ ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಬಹುದು. ಹಳೆಯ ಬಿಎಸ್–2, ಬಿಎಸ್–3 ಗಾಡಿಗಳನ್ನು ಇಲ್ಲಿನ ಯಾವ ಮಿಸ್ತ್ರಿಯಾದರೂ ಪಾನ ಹಿಡಿದು ಬಿಚ್ಚಿ ಕಟ್ಟಬಲ್ಲ, ಬಿಡಿಭಾಗಗಳೂ ಧಾರಾಳವಾಗಿ ಸಿಗುತ್ತವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್–6 ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಜಾಲರಿ, ಯೂರಿಯಾ ದ್ರಾವಣ ಸಿಂಪಡಿಸಿ ಹೊಗೆಯನ್ನು ತೊಳೆಯುವ ಏರ್ಪಾಡು, ಅವುಗಳನ್ನು ಕಾಯುವ ಸೆನ್ಸರುಗಳು ಇರುವುದರಿಂದ ಅಂಥ ಗಾಡಿ ಕೊಳ್ಳುವವರು ಕಂಪ್ಯೂಟರ್ ಹಚ್ಚಿ ಪರೀಕ್ಷಿಸುವ ಕಂಪನಿಯ ವರ್ಕ್‌ಶಾಪಿಗೇ ಗಾಡಿಯನ್ನು ಒಯ್ಯುವುದು ಕ್ಷೇಮ. ಯೂರಿಯಾ ತುಂಬುವ ಖರ್ಚು ಉಳಿಸಲು ಈ ಏರ್ಪಾಡನ್ನು ಬೈಪಾಸ್ ಮಾಡಿದ ಗಾಡಿಗಳು ಕಾನೂನಿಗೂ ಉಸಿರಾಡುವ ಗಾಳಿಗೂ ದ್ರೋಹ ಬಗೆದವು, ಕೊಳ್ಳತಕ್ಕವಲ್ಲ.

ಉಳಿದ ಅಂಗಗಳ ಮಾತು ಚಿಕ್ಕದು. ಮುಂದಿನ ಅಚ್ಚನ್ನು ಜ್ಯಾಕಿನಿಂದ ಎತ್ತಿ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಕಿಂಗ್‌ಪಿನ್, ಅಂದರೆ ಗಾಲಿ ತಿರುಗುವ ಕೀಲಿನ ಗೂಟ, ಸವೆದಿದೆ. ಕಮಾನುಪಟ್ಟಿಗಳ ಎಲೆಗಳಲ್ಲಿ ಒಂದೂ ಮುರಿದಿರಬಾರದು, ಎರಡೂ ಕಡೆಯ ಬಾಗು ಸಮನಾಗಿರಬೇಕು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ. 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದ ಟಯರ್. ಹೊಸ ರಬ್ಬರಿನ ಪದರ ಹಾಕಿಸಿದ ರಿಸೋಲ್ ಟಯರುಗಳನ್ನು ಹಿಂಗಾಲಿಗಳಲ್ಲಿ ಒಪ್ಪಬಹುದಾದರೂ ಮುಂಗಾಲಿಗಳಲ್ಲಿ ಅವಿದ್ದರೆ ಎರಡು ಹೊಸ ಟಯರುಗಳ ಬೆಲೆಯನ್ನು ಕಳೆದೇ ಮಾತು ಮುಂದುವರಿಸಬೇಕು. ಕಿಲೋಮೀಟರ್ ಮೀಟರನ್ನು ನಂಬುವವರು ಈ ಮಾರುಕಟ್ಟೆಯಲ್ಲಿ ಯಾರೂ ಇಲ್ಲ.

ಇಷ್ಟೆಲ್ಲ ಸರಿಯಿದ್ದ ಗಾಡಿಯೂ ವಯಸ್ಸಿನ ಕಾರಣದಿಂದ ನಿಷ್ಪ್ರಯೋಜಕವಾಗಬಹುದೆಂಬುದನ್ನು ಹೊಸ ಕೊಳ್ಳುಗರು ತಿಳಿಯುವಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ. ಮೂರು ರಾಜ್ಯಗಳು ಕೂಡುವ ಈ ಪ್ರದೇಶದಲ್ಲಿ ಲಾರಿಯ ಬದುಕು ನಿಂತಿರುವುದು ನ್ಯಾಷನಲ್ ಪರ್ಮಿಟ್ಟಿನ ಮೇಲೆ, ಎಂದರೆ ಎಲ್ಲ ರಾಜ್ಯಗಳಲ್ಲಿ ಸರಕು ಸಾಗಿಸಲು ಕೊಡುವ ಪರವಾನಗಿಯ ಮೇಲೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಎರಡು ಅಚ್ಚಿನ ಲಾರಿಗೆ 12 ವರ್ಷ, ಅದಕ್ಕಿಂತ ಹೆಚ್ಚು ಅಚ್ಚುಗಳ ಲಾರಿಗೆ 15 ವರ್ಷ ತುಂಬಿದ ಮೇಲೆ ಈ ಪರ್ಮಿಟ್ ಇಲ್ಲ. ಸಸ್ತಾಪುರ ಬಂಗ್ಲಾದಿಂದ ಪಶ್ಚಿಮಕ್ಕೆ ಹೊರಟ ಗಾಡಿ ಸ್ವಲ್ಪ ಹೊತ್ತಿನಲ್ಲೇ ಮಹಾರಾಷ್ಟ್ರದಲ್ಲಿರುತ್ತದೆ, ಹುಮನಾಬಾದಿನಿಂದ ಪೂರ್ವಕ್ಕೆ ಹೊರಟದ್ದು ತೆಲಂಗಾಣದಲ್ಲಿರುತ್ತದೆ. ಹೀಗಿರುವಾಗ 11 ವರ್ಷದ ಆರು ಗಾಲಿಯ ಗಾಡಿಯನ್ನು ಸೊಲ್ಲಾಪುರ–ಹೈದರಾಬಾದ್ ಬಾಡಿಗೆಯ ಲೆಕ್ಕದಲ್ಲಿ ಕೊಂಡವನಿಗೆ ಆ ದಾರಿ ತೆರೆದಿರುವುದು ಒಂದೇ ವರ್ಷ. ಅನಂತರ ಅದು ರಾಜ್ಯದೊಳಗಿನ ಕಬ್ಬು, ಮರಳು, ಇಟ್ಟಿಗೆಗಳ ಗಾಡಿಯಾಗುತ್ತದೆ, ಆದಾಯವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಹಳೆಯ ಲಾರಿಯ ಬೆಲೆ 12ನೆಯ ವರ್ಷದ ಸಮೀಪದಲ್ಲಿ ಒಮ್ಮೆಲೇ ಕುಸಿಯುವುದಕ್ಕೆ ಕಾರಣ ಇಲ್ಲಿದೆ. ಮೊದಲಿನಿಂದಲೂ ಊರ ಸುತ್ತಲಿನ ದುಡಿಮೆಗೇ ಗಾಡಿ ಬೇಕಾದವನು ಇದೇ ಕುಸಿತವನ್ನು ತನ್ನ ಲಾಭಕ್ಕೆ ತಿರುಗಿಸಿಕೊಳ್ಳಬಲ್ಲ: 13 ವರ್ಷದ, ಚಾಸಿ ನೇರವಿರುವ ಗಾಡಿ ಅವನಿಗೆ ಅಡ್ಡಿಯಿಲ್ಲದ ವ್ಯಾಪಾರ.

ಎಫ್‌ಸಿ ಎಂದು ಎಲ್ಲರೂ ಕರೆಯುವ ಯೋಗ್ಯತಾ ಪ್ರಮಾಣಪತ್ರವನ್ನು ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ನವೀಕರಿಸಬೇಕಾಗುತ್ತದೆ. 15 ವರ್ಷ ಮೀರಿದ ಭಾರೀ ಲಾರಿಗಳಿಗೆ ಈ ಶುಲ್ಕವನ್ನು 2022ರ ಏಪ್ರಿಲ್‌ನಿಂದ 12,500 ರೂಪಾಯಿಗೆ ಏರಿಸಲಾಯಿತು. ಕೊಳ್ಳುವ ದಿನದ ದರವನ್ನು ಆರ್‌ಟಿಓ ಕಚೇರಿಯಲ್ಲೇ ವಿಚಾರಿಸಿಕೊಳ್ಳಬೇಕು. 2021ರ ಗುಜರಿ ನೀತಿಯ ಹೆಸರು ಹೇಳಿ, ಹದಿನೈದು ವರ್ಷವಾದ ಲಾರಿಯನ್ನು ಸರ್ಕಾರ ಎಳೆದೊಯ್ದು ಒಡೆಯುತ್ತದೆಂದು ಹೆದರಿಸಿ ಕಡಿಮೆ ಬೆಲೆಗೆ ಮಾರಿಸುವವರಿದ್ದಾರೆ. ಖಾಸಗಿ ಲಾರಿ ಒಡೆಯಲ್ಪಡಬೇಕಾದದ್ದು ವಯಸ್ಸಿನ ಮಾತ್ರಕ್ಕಲ್ಲ, ಯೋಗ್ಯತಾ ಪರೀಕ್ಷೆಯಲ್ಲಿ ಅನುತ್ತೀರ್ಣವಾದಾಗ. ವಯಸ್ಸಿನ ಮೇಲೇ ನೋಂದಣಿ ರದ್ದಾಗುವುದು ಸರ್ಕಾರಿ ವಾಹನಗಳಿಗೆ.

ಕಾಗದಪತ್ರಗಳ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಆರ್‌ಸಿಯಲ್ಲಿನ ಹೈಪೊಥಿಕೇಷನ್, ಎಂದರೆ ಗಾಡಿಯ ಮೇಲಿನ ಸಾಲದ ನಮೂದು. ಸಾಲ ತೀರಿದೆ ಎಂಬ ಬಾಯಿಮಾತಾಗಲಿ, ಕಂಪನಿಯ ಪತ್ರದ ಜೆರಾಕ್ಸ್ ಪ್ರತಿಯಾಗಲಿ ಸಾಲದು. ಸಾಲ ಕೊಟ್ಟವರು ಸಹಿ ಹಾಕಿದ 35ನೆಯ ನಮೂನೆ ಆರ್‌ಟಿಓಗೆ ಸಲ್ಲಿಕೆಯಾಗಿ ನಮೂದು ಅಳಿಯಬೇಕು. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಜಾಲತಾಣದಲ್ಲಿ ನಂಬರ್ ಹಾಕಿದರೆ ಎಫ್‌ಸಿ, ವಿಮೆ, ತೆರಿಗೆ, ಪರ್ಮಿಟ್‌ಗಳ ಅವಧಿ ತಿಳಿಯುತ್ತದೆ, ಬಾಕಿ ದಂಡಗಳನ್ನು ಇ–ಚಲನ್ ವಿಭಾಗದಲ್ಲಿ ನೋಡಬಹುದು. ಬೇರೆ ಆರ್‌ಟಿಓ ವ್ಯಾಪ್ತಿಯ ಗಾಡಿಗೆ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ, ರೂಢಿಯ ಮಾತಿನ ಎನ್‌ಓಸಿ, ಬೇಕು. ಹೊರರಾಜ್ಯದ್ದಾದರೆ ಇಲ್ಲಿನ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾಲಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳಿದ್ದು, 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ತಿಳಿಸಬೇಕು. ಪರ್ಮಿಟ್ ತಾನಾಗಿಯೇ ಗಾಡಿಯ ಜೊತೆ ಬರುವುದಿಲ್ಲ, ಅದನ್ನು ಕೊಟ್ಟ ಪ್ರಾಧಿಕಾರದ ಅನುಮತಿ ಪಡೆದು ಬೇರೆಯಾಗಿಯೇ ಹೆಸರು ಬದಲಿಸಿಕೊಳ್ಳಬೇಕು.

ಈ ವರ್ಗಾವಣೆಯನ್ನು ಮುಂದೂಡುವ ಚಾಳಿ ಲಾರಿ ವ್ಯವಹಾರದಲ್ಲಿ ಆಳವಾಗಿ ಬೇರೂರಿದೆ. ಸಹಿ ಹಾಕಿದ ಖಾಲಿ ನಮೂನೆಗಳ ಸಹಿತ ಗಾಡಿ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಕೈ ಬದಲಿಸುತ್ತದೆ, ಆರ್‌ಸಿಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿಯುತ್ತದೆ. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು ಇಂಥದೇ ಸಂಗತಿಯನ್ನು: ವಾಹನ ಎಷ್ಟು ಕೈ ದಾಟಿದ್ದರೂ ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕ, ಪರಿಹಾರದ ಹೊಣೆ ಅವನದೇ. ಮಾರಿ ಹಣ ಎಣಿಸಿಕೊಂಡು ಕೃಷಿಗೆ ಮರಳಿದ ಮುದುಕನೊಬ್ಬನ ಬಾಗಿಲಿಗೆ ತಾನು ಕಾಣದ ಅಪಘಾತದ ನೋಟಿಸ್ ಬರುವುದು ಇದರಿಂದಲೇ. ಕೊಂಡವನಿಗೂ ಇದು ಕ್ಷೇಮವಲ್ಲ. ಹೆಸರಿಗೆ ಬಾರದ ಗಾಡಿಯ ಮೇಲೆ ಸಾಲ ಹುಟ್ಟುವುದಿಲ್ಲ, ವಿಮೆಯ ಹಣ ಪಡೆಯುವಾಗ ತಕರಾರು ಏಳುತ್ತದೆ. ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಪ್ರಾಧಿಕಾರದಿಂದ ಅಧಿಕೃತ ಮನ್ನಣೆ ಪಡೆದು, ಗಾಡಿ ತಮ್ಮ ಸ್ವಾಧೀನಕ್ಕೆ ಬಂದದ್ದನ್ನು ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದಲಾಲರ ಮಾತಿನ ಮೇಲೆ ನಡೆಯುವ ಊರಿನ ವ್ಯಾಪಾರವನ್ನು ಅದು ನಿಜಕ್ಕೂ ಮುಟ್ಟಿದರೆ ಸಣ್ಣ ಮಾಲಕರಿಗೆ ದೊಡ್ಡ ಉಪಕಾರವಾದೀತು.

ಬೆಲೆಗೆ ಋತುಮಾನವಿದೆ. ಕಬ್ಬು ನುರಿಸುವ ಹಂಗಾಮು ಆರಂಭವಾಗುವ ಮುನ್ನ ಗಾಡಿಗೆ ಬೇಡಿಕೆ ಏರುತ್ತದೆ, ಹಂಗಾಮು ಮುಗಿದು ಬಾಡಿಗೆ ಕಡಿಮೆಯಾಗಿ ಕಂತು ಕಟ್ಟಲಾಗದೆ ಮಾರುವವರು ಹೆಚ್ಚಾದಾಗ ಇಳಿಯುತ್ತದೆ; ಅವಸರವಿಲ್ಲದವನು ಬೇಸಿಗೆಯವರೆಗೆ ಕಾಯಬಹುದು. ಹೊಸ ಲಾರಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಹಳೆಯ ಗಾಡಿ ಕೊಳ್ಳುವವರ ಕೈಯಲ್ಲಿ ಚೌಕಾಸಿಗೆ ಒಂದು ಒಳ್ಳೆಯ ಆಯುಧ, ಏಕೆಂದರೆ ಹೊಸದರ ಬೆಲೆ ಇಳಿದ ಮೇಲೆ ಎರಡು ಮೂರು ವರ್ಷದ ಗಾಡಿಗೆ ಹಿಂದಿನ ಬೆಲೆ ಕೇಳುವುದಕ್ಕೆ ಆಧಾರವಿಲ್ಲ. ನೋಂದಾಯಿತ ವ್ಯಾಪಾರಿಯಿಂದ ಹಳೆಯ ಗಾಡಿ ಕೊಂಡರೆ ಶೇಕಡಾ 18ರ ತೆರಿಗೆ ಬೀಳುವುದು ಅವನ ಲಾಭದ ಅಂತರದ ಮೇಲೆ, ಪೂರ್ತಿ ಬೆಲೆಯ ಮೇಲಲ್ಲ. ನೋಂದಣಿಯಿಲ್ಲದ ಮಾಲಕನಿಂದ ನೇರವಾಗಿ ಕೊಂಡರೆ ಆ ತೆರಿಗೆಯೇ ಇಲ್ಲ. ಹಳೆಯ ಲಾರಿಗಳಿಗೆ ಸಾಲ ಕೊಡುವುದನ್ನೇ ದೊಡ್ಡ ವ್ಯವಹಾರವಾಗಿಸಿದ್ದು 1979ರಲ್ಲಿ ಚೆನ್ನೈಯಲ್ಲಿ ಆರಂಭವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್. ಬ್ಯಾಂಕಿನ ಮೆಟ್ಟಿಲು ಹತ್ತಲಾಗದ ಚಾಲಕರು ಮಾಲಕರಾಗಲು ಇಂಥ ಸಂಸ್ಥೆಗಳ ಸಾಲ ದಾರಿಯಾಯಿತೆಂಬುದನ್ನು ಒಪ್ಪಬೇಕು, ಹಳೆಯ ಗಾಡಿಯ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚೆಂಬುದನ್ನೂ ಮರೆಯಬಾರದು. ಕಂತು ತಪ್ಪಿ ವಶಪಡಿಸಿಕೊಂಡ ಸೀಜ್ ಗಾಡಿಗಳು ಹರಾಜಿನಲ್ಲಿ ಅಗ್ಗವಾಗಿ ಕಾಣುತ್ತವೆ. ತಿಂಗಳುಗಟ್ಟಲೆ ಮಳೆಬಿಸಿಲಿನಲ್ಲಿ ನಿಂತ ಅವುಗಳ ಬ್ಯಾಟರಿ, ಟಯರು, ಬ್ರೇಕಿನ ರಬ್ಬರುಗಳು ಸತ್ತಿರುತ್ತವೆ, ತೆರಿಗೆ ಮತ್ತು ಎಫ್‌ಸಿಗಳು ಬಾಕಿಯಿರುತ್ತವೆ, ಆ ಮೊತ್ತವನ್ನು ಕೂಗುವ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಬೆಲೆ ಕುದುರಿದ ಮೇಲೆ ಕೊಡುವ ಸಂಚಕಾರಕ್ಕೆ, ಗಡಿಯ ಈ ಕಡೆ ಇಸಾರವೆಂದೂ ಕರೆಯುವ ಮುಂಗಡಕ್ಕೆ, ಕರಾರು ಪತ್ರ ಬರೆಸಿ ಅದರಲ್ಲಿ ಚಾಸಿ ಸಂಖ್ಯೆಯ 17 ಅಕ್ಷರಗಳನ್ನೂ ಎಂಜಿನ್ ಸಂಖ್ಯೆಯನ್ನೂ ಕಾಗದ ನೋಡಿ ಬರೆಯದೆ ಪೆನ್ಸಿಲ್ ತಿಕ್ಕಿದ ಪ್ರಿಂಟನ್ನೇ ನೋಡಿ ಬರೆಯುವುದು ರೂಢಿಯಾಗಬೇಕು. ಬಾಕಿ ದಂಡ, ತೆರಿಗೆ, ಟೋಲಿನ ಫಾಸ್ಟ್ಯಾಗ್ ಖಾತೆ ಯಾರ ಪಾಲಿನದೆಂದು ಆ ಪತ್ರದಲ್ಲೇ ತೀರ್ಮಾನವಾಗಿರಬೇಕು, ಹಣವನ್ನು ಆರ್‌ಸಿಯಲ್ಲಿ ಹೆಸರಿರುವ ಮಾಲಕನ ಖಾತೆಗೇ ಹಾಕಬೇಕು. ಗಾಡಿಯನ್ನು ಕೈಗೆ ಕೊಡುವ ಹೊತ್ತಿಗೆ ಬರೆಯುವ ಡೆಲಿವರಿ ಪತ್ರದಲ್ಲಿ ದಿನಾಂಕದ ಜೊತೆಗೆ ಗಂಟೆ ಮತ್ತು ನಿಮಿಷವನ್ನೂ ನಮೂದಿಸಿ, ಮಾರಿದವನು, ಕೊಂಡವನು, ಇಬ್ಬರು ಸಾಕ್ಷಿಗಳು ಸಹಿ ಹಾಕುತ್ತಾರೆ. ಅಂದು ಸಂಜೆ ನಾಲ್ಕಕ್ಕೆ ಯಾವುದೋ ಟೋಲಿನ ಬಳಿ ನಡೆದ ಘಟನೆಯ ಸಮಯದಲ್ಲಿ ಸ್ಟಿಯರಿಂಗ್ ಯಾರ ಕೈಯಲ್ಲಿತ್ತೆಂಬ ಪ್ರಶ್ನೆ ಹುಟ್ಟಿದರೆ ಇಬ್ಬರ ಬಳಿಯೂ ಇರುವ ಉತ್ತರ ಆ ಚೀಟಿಯೇ.